ಕೋನ ಬದಲಿಸುವ ಸ್ಟೆಮ್ ಹಾಕಿಸಿದರೆ ಕೈ ಜೋಮು ಹಿಡಿಯುವುದು ನಿಲ್ಲುತ್ತದೆಯೇ?

ಪ್ರಶ್ನೆ: ಹಿರೇಕೊಳಲೆ ದಾರಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನನಗೆ ಈಗ 54 ವರ್ಷ, ಎತ್ತರ 168 ಸೆಂ.ಮೀ. ವೈದ್ಯರ ಸಲಹೆಯಂತೆ ಒಂಬತ್ತು ತಿಂಗಳ ಹಿಂದೆ ನೇರ ಹ್ಯಾಂಡಲಿನ ಒಂದು ಹೈಬ್ರಿಡ್ ಸೈಕಲ್ ಕೊಂಡೆ. ವಾರದ ದಿನಗಳಲ್ಲಿ ಬೆಳಿಗ್ಗೆ ಹಿರೇಕೊಳಲೆ ಕೆರೆಯವರೆಗೆ ಹೋಗಿ ಬರುತ್ತೇನೆ. ಭಾನುವಾರ ಮೈಯಲ್ಲಿ ಉತ್ಸಾಹವಿದ್ದರೆ ಬೇಲೂರಿಗೆ. ಹಿರೇಕೊಳಲೆಯ ದಾರಿಯಲ್ಲಿ ಏನೂ ತೊಂದರೆಯಿಲ್ಲ. ಬೇಲೂರಿನ ದಾರಿಯಲ್ಲಿ ಮಾತ್ರ ಹದಿನೈದು ಕಿಲೋಮೀಟರ್ ದಾಟುತ್ತಿದ್ದಂತೆ ಎರಡೂ ಕೈಗಳ ಕಿರುಬೆರಳು ಮತ್ತು ಉಂಗುರಬೆರಳು ಜೋಮು ಹಿಡಿಯುತ್ತವೆ, ಕತ್ತಿನ ಹಿಂಭಾಗ ಬಿಗಿಯುತ್ತದೆ, ದೇವಸ್ಥಾನದ ಮುಂದೆ ಇಳಿದು ಕೈ ಕೊಡವಿಕೊಳ್ಳುತ್ತ ನಿಲ್ಲಬೇಕಾಗುತ್ತದೆ.

ಸೈಕಲ್ ಮಾರಿದ ಅಂಗಡಿಯವರಿಗೆ ಹೇಳಿದಾಗ, ನಡುವೆ ಕೀಲಿದ್ದು ಮೇಲಕ್ಕೂ ಕೆಳಕ್ಕೂ ತಿರುಗಿಸಿ ಬಿಗಿ ಮಾಡಬಹುದಾದ ಸ್ಟೆಮ್ (ಹ್ಯಾಂಡಲನ್ನು ಮುಂದಿನ ಚಕ್ರದ ಫೋರ್ಕಿಗೆ ಜೋಡಿಸುವ ತುಂಡು) ಒಂದನ್ನು ತೋರಿಸಿ, ಇದನ್ನು ಹಾಕಿಸಿದರೆ ಹ್ಯಾಂಡಲ್ ಬೇಕಾದಷ್ಟು ಎತ್ತರಕ್ಕೆ ಬರುತ್ತದೆ, ಎಲ್ಲವೂ ಸರಿಹೋಗುತ್ತದೆ ಎಂದರು. ಬೆಲೆ 1,200 ರೂಪಾಯಿ. ಹಣ ದೊಡ್ಡದಲ್ಲ. ಆದರೆ ಜೊತೆಯಲ್ಲಿ ಸವಾರಿ ಮಾಡುವ ಸ್ನೇಹಿತರೊಬ್ಬರು, ಕೀಲಿರುವ ಸ್ಟೆಮ್ ಘಟ್ಟ ಇಳಿಯುವಾಗ ಸಡಿಲವಾದರೆ ಕಥೆ ಮುಗಿಯಿತು ಎಂದು ಹೆದರಿಸಿದ್ದಾರೆ. ಬಳಸಿ ಅನುಭವವಿರುವವರು ಇದರ ಅನುಕೂಲ ಮತ್ತು ತೊಂದರೆಗಳನ್ನು ತಿಳಿಸಿದರೆ ಉಪಕಾರವಾಗುತ್ತದೆ. ಈಗಿರುವ ಸ್ಟೆಮ್ಮಿನ ಮೇಲೆ 100 ಮಿ.ಮೀ., 7 ಡಿಗ್ರಿ, 31.8 ಎಂದು ಅಚ್ಚಾಗಿದೆ. ಅದು ಮುಂದಕ್ಕೆ ಬಹುತೇಕ ಮಲಗಿದಂತೆ ಕಾಣುತ್ತದೆ. ಸ್ಟೆಮ್ಮಿನ ಕೆಳಗೆ 15 ಮಿ.ಮೀ.ಯಷ್ಟು ಉಂಗುರಗಳಿವೆ, ಮೇಲೆಯೂ 10 ಮಿ.ಮೀ.ಯ ಒಂದು ಉಂಗುರವಿದೆ.

ಉತ್ತರ: ಸ್ಪ್ಯಾನರ್ ಹಾಸನ

ನಮಸ್ಕಾರ ಸರ್. ಹಾಸನದಲ್ಲಿ ಹದಿನೆಂಟು ವರ್ಷಗಳಿಂದ ಸೈಕಲ್ ರಿಪೇರಿಯೇ ನನ್ನ ಉದ್ಯೋಗ. ನೀವು ವಿವರಗಳನ್ನು ಅಳೆದು ಬರೆದಿರುವುದರಿಂದ ಉತ್ತರಿಸುವುದು ಸುಲಭವಾಯಿತು; ಹೆಚ್ಚಿನವರು "ಹ್ಯಾಂಡಲ್ ಕೆಳಗಿದೆ" ಎಂದಷ್ಟೇ ಹೇಳುತ್ತಾರೆ.

ಹಳೆಯ ಹೀರೊ, ಅಟ್ಲಾಸ್ ಸೈಕಲ್ಲುಗಳಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಹ್ಯಾಂಡಲಿನ ಕಾಂಡ ಫೋರ್ಕಿನ ಕೊಳವೆಯೊಳಗೆ ಇಳಿದಿರುತ್ತಿತ್ತು. ಮೇಲಿನ ಒಂದೇ ಬೋಲ್ಟನ್ನು ಸಡಿಲಿಸಿ, ತಲೆಗೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರೆ ಒಳಗಿನ ಬೆಣೆ ಬಿಟ್ಟುಕೊಳ್ಳುತ್ತಿತ್ತು, ಎರಡು ಇಂಚು ಮೇಲೆತ್ತಿ ಬಿಗಿ ಮಾಡಿದರೆ ಕೆಲಸ ಮುಗಿಯಿತು. 1990ರ ದಶಕದಿಂದ ಹರಡಿದ ಹೊಸ ಪದ್ಧತಿಯಲ್ಲಿ ಸ್ಟೆಮ್ ಕೊಳವೆಯ ಹೊರಗಿನಿಂದ ಕಚ್ಚಿ ಹಿಡಿಯುತ್ತದೆ. ಗಟ್ಟಿ ಹೌದು, ತೂಕವೂ ಕಡಿಮೆ. ಆದರೆ ಫೋರ್ಕಿನ ಕೊಳವೆಯನ್ನು ಎಲ್ಲಿ ಕತ್ತರಿಸಿದ್ದಾರೋ ಅಲ್ಲಿಗೆ ಎತ್ತರ ನಿಂತುಹೋಯಿತು. ಕಳೆದುಹೋದ ಆ ಎತ್ತರವನ್ನು ಬೇರೆ ದಾರಿಯಿಂದ ತರಲು ಕೀಲಿನ ಸ್ಟೆಮ್ ಬಂದಿದೆ, ಆದರೆ ಹಳೆಯದು ನೇರವಾಗಿ ಮೇಲೇರುತ್ತಿದ್ದಂತೆ ಇದು ಏರುವುದಿಲ್ಲ, ಕಮಾನಿನಂತೆ ತಿರುಗುತ್ತದೆ. ತೊಂದರೆ ಬಹಳಷ್ಟು ಇಲ್ಲಿಂದಲೇ ಶುರುವಾಗುತ್ತದೆ.

ಲೆಕ್ಕ ಹೀಗಿದೆ. ನಿಮ್ಮಂಥ ಸೈಕಲ್ಲಿನಲ್ಲಿ ಫೋರ್ಕಿನ ಕೊಳವೆ ನೆಟ್ಟಗೆ ನಿಂತಿರದೆ ಸವಾರನ ಕಡೆಗೆ ಒರಗಿರುತ್ತದೆ, ನೆಲಕ್ಕೆ ಸುಮಾರು 71 ಡಿಗ್ರಿ ಎಂದಿಟ್ಟುಕೊಳ್ಳೋಣ. ಸ್ಟೆಮ್ಮಿನ ಕೋನವನ್ನು ಆ ಒರಗಿದ ಕೊಳವೆಗೆ ಲಂಬವಾದ ಗೆರೆಯಿಂದ ಎಣಿಸುತ್ತಾರೆ. ಈಗ 7 ಡಿಗ್ರಿ ಕೆಳಮುಖವಾಗಿರುವ ನಿಮ್ಮ 100 ಮಿ.ಮೀ. ಸ್ಟೆಮ್ ಹ್ಯಾಂಡಲನ್ನು ಕೊಳವೆಯ ನಡುವಿನಿಂದ 98 ಮಿ.ಮೀ. ಮುಂದಕ್ಕೂ 21 ಮಿ.ಮೀ. ಮೇಲಕ್ಕೂ ಹಿಡಿದಿದೆ. ಅಷ್ಟೇ ಉದ್ದದ ಕೀಲಿನ ಸ್ಟೆಮ್ ಹಾಕಿ 30 ಡಿಗ್ರಿ ಮೇಲಕ್ಕೆ ತಿರುಗಿಸಿದರೆ ಎತ್ತರ 75 ಆಗುತ್ತದೆ, ಮುಂಚಾಚು 66ಕ್ಕೆ ಇಳಿಯುತ್ತದೆ. ಇಲ್ಲಿಯವರೆಗೆ ಒಳ್ಳೆಯದೇ. 60 ಡಿಗ್ರಿಗೆ ಏರಿಸಿದರೆ ಎತ್ತರ 98 ಮಿ.ಮೀ.; ಎಂದರೆ ಇನ್ನೂ 30 ಡಿಗ್ರಿ ತಿರುಗಿಸಿದರೂ ಸಿಕ್ಕಿದ ಎತ್ತರ 23 ಮಿ.ಮೀ. ಮಾತ್ರ, ಆದರೆ ಹ್ಯಾಂಡಲ್ ಮತ್ತೆ 47 ಮಿ.ಮೀ. ಹತ್ತಿರ ಬಂದು ಮುಂಚಾಚು 19ಕ್ಕೆ ಬಿತ್ತು. ಅಂಗಡಿಗಳಲ್ಲಿ ಗಿರಾಕಿಯ ಮುಂದೆ ಪೂರ್ತಿ ಮೇಲಕ್ಕೆ ತಿರುಗಿಸಿ "ನೋಡಿ ಎಷ್ಟು ಆರಾಮ" ಎನ್ನುವುದನ್ನು ಕಂಡಿದ್ದೇನೆ. ಅಂಗಡಿಯ ಮುಂದಿನ ಹತ್ತು ಮೀಟರ್ ಸವಾರಿಗೆ ಅದು ಆರಾಮವೇ.

ನೀವು 1,200 ರೂಪಾಯಿ ಕೊಡುವ ಮೊದಲು ಕೈಯಲ್ಲಿರುವುದನ್ನೇ ಬಳಸಿ ನೋಡಿ. ಈಗಿನ ಸ್ಟೆಮ್ಮನ್ನು ಬಿಚ್ಚಿ ತಲೆಕೆಳಗು ಮಾಡಿ ಕೂರಿಸಿದರೆ 7 ಡಿಗ್ರಿ ಮೇಲ್ಮುಖವಾಗುತ್ತದೆ: 23 ಮಿ.ಮೀ. ಎತ್ತರ, 8 ಮಿ.ಮೀ. ಹತ್ತಿರ. ಮೇಲೆ ಸುಮ್ಮನೆ ಕುಳಿತಿರುವ 10 ಮಿ.ಮೀ. ಉಂಗುರವನ್ನು ಕೆಳಕ್ಕೆ ತಂದರೆ ಇನ್ನೂ ಒಂಬತ್ತು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಎತ್ತರ. ಒಟ್ಟು 32 ಮಿ.ಮೀ. ಎತ್ತರವೂ 11 ಮಿ.ಮೀ. ಹತ್ತಿರವೂ ಒಂದು ರೂಪಾಯಿ ಖರ್ಚಿಲ್ಲದೆ ಸಿಗುತ್ತವೆ.

ಇದನ್ನು ಮಾಡುವಾಗ ಕ್ರಮ ತಪ್ಪಬಾರದು. ತುದಿಯ ಮುಚ್ಚಳದ ಬೋಲ್ಟು ಸ್ಟೆಮ್ಮನ್ನು ಹಿಡಿದಿರುವುದಿಲ್ಲ. ಅದರ ಕೆಲಸ ಹೆಡ್‌ಸೆಟ್ಟಿನ, ಎಂದರೆ ಫೋರ್ಕಿನ ಕೊಳವೆ ತಿರುಗುವ ಜೋಡಣೆಯ, ಬೇರಿಂಗುಗಳ ಆಟ ತೆಗೆಯುವುದಷ್ಟೇ. ಆದ್ದರಿಂದ ಮೊದಲು ಪಕ್ಕದ ಬೋಲ್ಟುಗಳು ಸಡಿಲವಿರುವಾಗಲೇ ಮುಚ್ಚಳದ ಬೋಲ್ಟನ್ನು ಹಗುರವಾಗಿ ಬಿಗಿದು, ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ ಆಟವಿಲ್ಲವೆಂದು ನೋಡಿ, ಹ್ಯಾಂಡಲನ್ನು ಚಕ್ರಕ್ಕೆ ಸರಿಯಾಗಿ ನಿಲ್ಲಿಸಿ, ಆಮೇಲೆ ಪಕ್ಕದ ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸಾಮಾನ್ಯ ಸ್ಟೆಮ್‌ಗಳಲ್ಲಿ 5 ನ್ಯೂಟನ್ ಮೀಟರ್ ಆಸುಪಾಸಿನ ಸಂಖ್ಯೆ ಅಚ್ಚಾಗಿರುತ್ತದೆ, ಅದನ್ನು ಮೀರಬೇಡಿ. ಕೊಳವೆಯ ತುದಿ, ಅದರ ಮೇಲೆ ಕೂರುವ ಕೊನೆಯ ಭಾಗಕ್ಕಿಂತ ಸುಮಾರು 3 ಮಿ.ಮೀ. ಒಳಗಿರಬೇಕು, ಇಲ್ಲದಿದ್ದರೆ ಮುಚ್ಚಳ ಕೊಳವೆಗೇ ತಾಗಿ ಆಟ ಹಾಗೆಯೇ ಉಳಿಯುತ್ತದೆ.

ಉತ್ತರ: ಕೈಮರ ತಿರುವು, ಚಿಕ್ಕಮಗಳೂರು

ಮೇಲಿನ ಮಿತ್ರರ ಲೆಕ್ಕದಲ್ಲಿ ತಪ್ಪಿಲ್ಲ. ನಾನು ಎರಡು ವರ್ಷ ಕೀಲಿನ ಸ್ಟೆಮ್ ಬಳಸಿ ಈಗ ಬಿಟ್ಟಿರುವವನು. ಅಂಗಡಿಯಲ್ಲಿ ಗೊತ್ತಾಗದ, ರಸ್ತೆಯಲ್ಲಿ ಮಾತ್ರ ಗೊತ್ತಾಗುವ ಸಂಗತಿಗಳನ್ನಷ್ಟೇ ಹೇಳುತ್ತೇನೆ.

ಬೆನ್ನಿನ ಕೆಳಭಾಗದ ನೋವಿಗಾಗಿ ಸುಮಾರು 45 ಡಿಗ್ರಿಗೆ ಏರಿಸಿಕೊಂಡಿದ್ದೆ. ಊರೊಳಗೆ, ಕಡೂರಿನ ಕಡೆಯ ಸಪಾಟು ರಸ್ತೆಯಲ್ಲಿ ನಿಜಕ್ಕೂ ಹಿತವಾಗಿತ್ತು. ಆದರೆ ಕೈಮರ ದಾಟಿ ಮುಳ್ಳಯ್ಯನಗಿರಿಯ ಕಡೆಗೆ ಏರುವಾಗ, ಕಡಿದಾದ ತಿರುವುಗಳಲ್ಲಿ ಮುಂದಿನ ಚಕ್ರ ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ಹ್ಯಾಂಡಲ್ ಎತ್ತರವೂ ಹತ್ತಿರವೂ ಆದಾಗ ಮೈಭಾರ ಹಿಂದಿನ ಚಕ್ರದ ಮೇಲೆ ಬೀಳುತ್ತದೆ; ನಿಧಾನವಾಗಿ ಏರುವಾಗ ಮುಂದಿನ ಚಕ್ರ ಹಗುರವಾಗಿ ಅತ್ತಿತ್ತ ಓಲಾಡುತ್ತದೆ. ಬಲ ಹಾಕಲು ಮುಂದಕ್ಕೆ ಬಾಗಿದರೆ ಮೊಣಕಾಲು ಹ್ಯಾಂಡಲಿಗೆ ತಾಗುವಷ್ಟು ಜಾಗ ಕಿರಿದಾಗಿತ್ತು. ಇಳಿಯುವಾಗ ಇನ್ನೊಂದು ಬಗೆಯ ತೊಂದರೆ: ತಿರುವಿನಲ್ಲಿ ಮುಂದಿನ ಟೈರಿನ ಮೇಲೆ ಸಾಕಷ್ಟು ಭಾರವಿರುವುದಿಲ್ಲ, ಹ್ಯಾಂಡಲ್ ಚಿಕ್ಕ ಅಲುಗಾಟಕ್ಕೂ ಚುರುಕಾಗಿ ತಿರುಗುತ್ತದೆ. 1,930 ಮೀಟರ್ ಎತ್ತರದ ಗಿರಿಯಿಂದ ಮಂಜಿನಲ್ಲಿ ಇಳಿದು ಬಂದ ಒಂದು ಬೆಳಿಗ್ಗೆಯೇ ಅದನ್ನು ತೆಗೆಯುವ ತೀರ್ಮಾನಕ್ಕೆ ಬಂದೆ.

ನಿಮ್ಮ ಸ್ನೇಹಿತರು ಹೇಳಿದ ಸಡಿಲವಾಗುವ ಭಯದ ಬಗ್ಗೆ. ನನ್ನದು ಒಮ್ಮೆಯೂ ದಿಢೀರನೆ ಕುಸಿಯಲಿಲ್ಲ. ಕೀಲಿನ ಎರಡು ಭಾಗಗಳ ನಡುವೆ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುವ ರಚನೆ ನನ್ನದರಲ್ಲಿತ್ತು. ಹಲ್ಲುಗಳು ಪೂರ್ತಿ ಕೂತಿದ್ದು ಬೋಲ್ಟು ಸರಿಯಾಗಿ ಬಿಗಿದಿದ್ದರೆ ಅದು ಜಾರುವುದು ಸುಲಭವಲ್ಲ. ಹಲ್ಲುಗಳು ಅರ್ಧ ಕಚ್ಚಿರುವಾಗಲೇ ಬೋಲ್ಟು ಬಿಗಿದರೆ ಅಪಾಯ: ಕೈಗೆ ಬಿಗಿಯಾದಂತೆ ತೋರುತ್ತದೆ, ಮೊದಲ ಹಳ್ಳಕ್ಕೆ ಇಳಿದಾಗ ಒಂದು ಹಲ್ಲು ಹಾರುತ್ತದೆ. ಕೀಲಿನ ಬೋಲ್ಟಿಗೆ ಹ್ಯಾಂಡಲಿನ ಬೋಲ್ಟುಗಳಿಗಿಂತ ಹೆಚ್ಚು ಬಿಗಿ ಬೇಕಾಗುವುದು ಸಾಮಾನ್ಯ, ಆ ಸಂಖ್ಯೆ ಸ್ಟೆಮ್ಮಿನ ಮೇಲೆಯೋ ಜೊತೆಗೆ ಬರುವ ಚೀಟಿಯಲ್ಲಿಯೋ ಇರುತ್ತದೆ. ಹೊಸದಾಗಿ ಹಾಕಿದ ಮೇಲೆ ಮೊದಲ ಸವಾರಿ ಮುಗಿಸಿ ಮತ್ತೊಮ್ಮೆ ಬಿಗಿ ನೋಡಬೇಕು, ಆಮೇಲೆ ತಿಂಗಳಿಗೊಮ್ಮೆಯಾದರೂ. ಹೊರಡುವ ಮೊದಲು ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿ ನೋಡುವುದು ಮತ್ತು ಎರಡೂ ಹಿಡಿಕೆಗಳ ಮೇಲೆ ಮೈಭಾರ ಹಾಕಿ ಒತ್ತುವುದು ಅರ್ಧ ನಿಮಿಷದ ಕೆಲಸ.

ಕುಸಿಯದಿದ್ದರೂ ಸದ್ದು ಮಾಡಿತು. ಮಲೆನಾಡಿನ ಮಳೆಗಾಲದ ನೀರು, ರಸ್ತೆಯ ಕೆಂಪು ಮಣ್ಣು ಕೀಲಿನೊಳಗೆ ಸೇರಿ, ನಿಂತು ತುಳಿಯುವಾಗಲೆಲ್ಲ ಕಿರ್ ಎನ್ನುತ್ತಿತ್ತು. ಬಿಚ್ಚಿ ಒರೆಸಿ ಬಿಗಿದರೆ ಎರಡು ವಾರ ಮೌನ, ಮತ್ತೆ ಅದೇ ರಾಗ. ತೂಕವೂ ಸಾಮಾನ್ಯ ಸ್ಟೆಮ್ಮಿಗಿಂತ ನೂರೈವತ್ತು, ಇನ್ನೂರು ಗ್ರಾಂ ಹೆಚ್ಚು, ಆದರೆ ನಮ್ಮ ವಯಸ್ಸಿನವರು ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ, ಬೆಳಗಿನ ಅಕ್ಕಿರೊಟ್ಟಿಯಲ್ಲಿ ಒಂದು ಕಡಿಮೆ ಮಾಡಿದರೆ ಸರಿಹೋಗುತ್ತದೆ.

ಯಾರೂ ಮೊದಲೇ ಹೇಳದ ಇನ್ನೊಂದು ವಿಷಯವಿದೆ. ಕೀಲನ್ನು 40 ಡಿಗ್ರಿ ಮೇಲಕ್ಕೆ ತಿರುಗಿಸಿದರೆ ಹ್ಯಾಂಡಲೂ ಅದರೊಡನೆ 40 ಡಿಗ್ರಿ ಹಿಂದಕ್ಕೆ ಉರುಳುತ್ತದೆ. ಬ್ರೇಕಿನ ಹಿಡಿಗಳು ಮುಂಚೆ ಓರೆಯಾಗಿ ಕೆಳಕ್ಕೆ ನೋಡುತ್ತಿದ್ದವು, ಈಗ ಆಕಾಶ ನೋಡುತ್ತವೆ. ಅವನ್ನು ಹಿಡಿಯಲು ಮಣಿಕಟ್ಟನ್ನು ಹಿಂದಕ್ಕೆ ಮಡಿಸಬೇಕಾಗುತ್ತದೆ, ಜೋಮು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಆದ್ದರಿಂದ ಪ್ರತಿ ಸಲ ಕೋನ ಬದಲಿಸಿದಾಗಲೂ ಹ್ಯಾಂಡಲನ್ನು ಅಷ್ಟೇ ಮುಂದಕ್ಕೆ ಉರುಳಿಸಿ, ಸೀಟಿನ ಮೇಲೆ ಕುಳಿತು ಕೈ ಚಾಚಿದಾಗ ಮೊಣಕೈಯಿಂದ ಬೆರಳಿನವರೆಗೆ ಒಂದೇ ಗೆರೆಯಲ್ಲಿರುವಂತೆ ಬ್ರೇಕ್ ಹಿಡಿಗಳನ್ನು ನಿಲ್ಲಿಸಬೇಕು. ಕೇಬಲ್ಲುಗಳನ್ನೂ ನೋಡಿ: ಹ್ಯಾಂಡಲ್ ಏರಿದಾಗ ಅವುಗಳ ಉದ್ದ ಸಾಲದೆ, ಪೂರ್ತಿ ತಿರುಗಿಸಿದಾಗ ಗೇರ್ ತಾನಾಗಿ ಬದಲಾಗುವುದೂ ಬ್ರೇಕ್ ಹಿಡಿದುಕೊಳ್ಳುವುದೂ ಉಂಟು.

ಉತ್ತರ: ಎರಡು ಚಕ್ರ ಒಂದು ಬುತ್ತಿ, ಹಾಸನ

ಎಲ್ಲರೂ ಕೀಲಿನ ಸ್ಟೆಮ್ಮಿನ ಮೇಲೆ ಮುಗಿಬಿದ್ದಿರುವುದರಿಂದ ಅದರ ಪರವಾಗಿ ಒಬ್ಬರಾದರೂ ಮಾತಾಡಬೇಕು. ನಮ್ಮ ಮನೆಯಲ್ಲಿರುವುದು ಒಂದೇ ಸೈಕಲ್. ವಾರದ ದಿನಗಳಲ್ಲಿ ಮಗ ಕಾಲೇಜಿಗೆ ಒಯ್ಯುತ್ತಾನೆ, ಭಾನುವಾರ ನಾನು ಹಳೇಬೀಡಿನ ದಾರಿಯಲ್ಲಿ ಒಂದಿಷ್ಟು ದೂರ ಹೋಗಿ ಬರುತ್ತೇನೆ. ಅವನು ನನಗಿಂತ ಒಂದು ಗೇಣು ಎತ್ತರ. ಸೀಟನ್ನು ಇಳಿಸಿ, ಸ್ಟೆಮ್ಮನ್ನು 35 ಡಿಗ್ರಿಗೆ ಏರಿಸಿ, ಹ್ಯಾಂಡಲ್ ಉರುಳಿಸಿಕೊಂಡರೆ ಆ ಸೈಕಲ್ ನನ್ನದಾಗುತ್ತದೆ. ಎರಡೂ ಕೋನಗಳಿಗೆ ಉಗುರುಬಣ್ಣದಿಂದ ಗುರುತು ಹಾಕಿಕೊಂಡಿದ್ದೇನೆ, ಹ್ಯಾಂಡಲಿಗೂ ಎರಡು ಗೆರೆಗಳಿವೆ, ಒಂದು ಅಲೆನ್ ಕೀ ಸಾಕು. ಮೂರು ವರ್ಷಗಳಿಂದ ಹೀಗೆಯೇ ನಡೆದಿದೆ. ನಾನು ಗಿರಿ ಹತ್ತುವವಳಲ್ಲ, ಹಾಸನದ ಸುತ್ತ ಅಂಥ ಏರೂ ಇಲ್ಲ. ಕುತ್ತಿಗೆಯ ಮೂಳೆ ಸವೆದು ತಲೆ ಎತ್ತಿ ನೋಡಲು ಕಷ್ಟಪಡುವವರಿಗೆ, ಶಸ್ತ್ರಚಿಕಿತ್ಸೆಯ ನಂತರ ತಿಂಗಳಿಂದ ತಿಂಗಳಿಗೆ ಮೈ ಬಾಗುವುದು ಬದಲಾಗುತ್ತಿರುವವರಿಗೆ, ಒಂದೇ ಅಳತೆಯ ಸ್ಟೆಮ್ ಕೊಂಡುಕೊಳ್ಳಿ ಎಂದು ಹೇಳಿದರೆ ಏನು ಪ್ರಯೋಜನ?

ಹೊಂದಿಸುವ ಸ್ಟೆಮ್ ಎಂದರೆ ಅಶಕ್ತರ ಸಾಧನ ಎಂಬ ತಿರಸ್ಕಾರವೂ ಅಲ್ಲಲ್ಲಿ ಕೇಳಿಬರುತ್ತದೆ. 1899ರಲ್ಲಿ ವೇಗದ ಓಟದ ವಿಶ್ವ ಚಾಂಪಿಯನ್ ಆದ ಅಮೆರಿಕದ ಮೇಜರ್ ಟೇಲರ್ ಅವರ ಹೆಸರಿನಲ್ಲಿಯೇ, ಹಿಂದೆ ಮುಂದೆ ಜರುಗಿಸುವ ಒಂದು ಬಗೆಯ ಸ್ಟೆಮ್ ಇಂದಿಗೂ ಗುರುತಿಸಲ್ಪಡುತ್ತದೆ.

ಇಷ್ಟು ಹೇಳಿದ ಮೇಲೆ, ಪ್ರಶ್ನೆ ಕೇಳಿದವರಿಗೆ ನನ್ನದೊಂದು ಮರುಪ್ರಶ್ನೆ: ನಿಮ್ಮ ಸೀಟು ಹೇಗಿದೆ? ನನಗೂ ಅದೇ ಎರಡು ಬೆರಳುಗಳು ಜೋಮು ಹಿಡಿಯುತ್ತಿದ್ದವು. ಅವಕ್ಕೆ ಹೋಗುವ ಅಲ್ನಾರ್ ನರ ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಯ ಅಂಚಿನಲ್ಲಿ ಹಾದುಹೋಗುತ್ತದೆ, ಹಿಡಿಕೆಯ ಒತ್ತಡ ಅದರ ಮೇಲೆಯೇ ಬೀಳುತ್ತದೆ ಎಂದು ಫಿಸಿಯೋಥೆರಪಿಸ್ಟ್ ವಿವರಿಸಿದರು. ಕೈಯ ಮೇಲೆ ಅಷ್ಟು ಭಾರ ಏಕೆ ಬೀಳುತ್ತಿದೆ ಎಂದು ಹುಡುಕಿದಾಗ ಕಾರಣ ಹ್ಯಾಂಡಲಿನಲ್ಲಿ ಇರಲಿಲ್ಲ. ಸೀಟಿನ ಮೂತಿ ಕೆಳಕ್ಕೆ ಬಾಗಿತ್ತು. ಕುಳಿತಲ್ಲೇ ಮುಂದಕ್ಕೆ ಜಾರುತ್ತಿದ್ದೆ, ಜಾರದಂತೆ ಕೈಯಿಂದ ತಳ್ಳಿಕೊಳ್ಳುತ್ತಿದ್ದೆ. ಗಾರೆ ಕೆಲಸದವರಿಂದ ರಸಮಟ್ಟ ಕೇಳಿ ತಂದು ಸೀಟಿನ ಮೇಲಿಟ್ಟು ಸಮ ಮಾಡಿದೆ. ಹ್ಯಾಂಡಲ್ ದೂರವಾಯಿತೆಂದು ಸೀಟನ್ನು ಮುಂದಕ್ಕೆ ಸರಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಮೈಭಾರ ಪೆಡಲಿನ ಮೇಲಿನ ಸಮತೋಲ ತಪ್ಪಿ ಇನ್ನಷ್ಟು ಕೈಗೇ ಬರುತ್ತದೆ.

ಪ್ರಶ್ನೆ ಕೇಳಿದವರು: ಹಿರೇಕೊಳಲೆ ದಾರಿ

ಮೂವರಿಗೂ ಕೃತಜ್ಞತೆಗಳು. ಮೇಡಂ, ನಿಮ್ಮ ಪ್ರಶ್ನೆ ನಾಟಿತು. ಪಕ್ಕದ ಮನೆ ಕಟ್ಟುತ್ತಿರುವ ಮೇಸ್ತ್ರಿಯವರ ರಸಮಟ್ಟವನ್ನೇ ಇಟ್ಟು ನೋಡಿದೆ. ಸೀಟಿನ ಮೂತಿ ಕಣ್ಣಿಗೆ ಕಾಣುವಷ್ಟು ಕೆಳಗಿತ್ತು. ಕೊಂಡ ದಿನದಿಂದ ಹಾಗೆಯೇ ಇದ್ದಿರಬೇಕು. ಎತ್ತರವೂ ತಪ್ಪಾಗಿತ್ತು. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು, ಪೆಡಲ್ ಕೆಳತುದಿಯಲ್ಲಿರುವಾಗ ಕಾಲು ನೆಟ್ಟಗಾಗಬೇಕು ಎಂಬ ಹಳೆಯ ವಿಧಾನದಲ್ಲಿ ನೋಡಿದರೆ ನನ್ನ ಸೀಟು ಎರಡು ಸೆಂ.ಮೀ. ಹೆಚ್ಚು ಮೇಲಿತ್ತು. ಅದನ್ನು ಇಳಿಸಿದ ಕೂಡಲೇ, ಹ್ಯಾಂಡಲನ್ನು ಮುಟ್ಟದೆಯೇ, ಹೋಲಿಕೆಯಲ್ಲಿ ಹ್ಯಾಂಡಲ್ ಎರಡು ಸೆಂ.ಮೀ. ಏರಿದಂತಾಯಿತು. ನಂತರ ಹಾಸನದ ಮಿತ್ರರು ಬರೆದ ಕ್ರಮದಲ್ಲಿ ಸ್ಟೆಮ್ ತಲೆಕೆಳಗು ಮಾಡಿ, ಉಂಗುರವನ್ನು ಕೆಳಗಿಳಿಸಿದೆ.

ಕಳೆದ ಭಾನುವಾರ ಬೇಲೂರು ಮುಟ್ಟಿದಾಗ ಬೆರಳುಗಳು ಸರಿಯಾಗಿದ್ದವು. ಆ ಹುರುಪಿನಲ್ಲಿ ಹಳೇಬೀಡಿಗೂ ಹೋದೆ, ಇನ್ನೊಂದು ಹದಿನಾರು ಕಿಲೋಮೀಟರ್. ಅಲ್ಲಿಂದ ಹಿಂತಿರುಗುವಾಗ ಕತ್ತು ಮತ್ತೆ ಬಿಗಿಯಿತು, ಜೋಮು ಸ್ವಲ್ಪವೇ ಕಾಣಿಸಿತು. ಎಂದರೆ ಇನ್ನೂ ಸ್ವಲ್ಪ ಎತ್ತರ ಬೇಕಾಗಿದೆ. ಎಷ್ಟು ಎಂದು ಊಹಿಸಿ ಸ್ಟೆಮ್ ಕೊಳ್ಳುವುದು ಹೇಗೆ?

ಉತ್ತರ: ಸ್ಪ್ಯಾನರ್ ಹಾಸನ

ಈಗ ಕೀಲಿನ ಸ್ಟೆಮ್ ಕೆಲಸಕ್ಕೆ ಬರುತ್ತದೆ ಸರ್. ನನ್ನ ಬಳಿ 100 ಮಿ.ಮೀ.ಯ ಹಳೆಯದೊಂದಿದೆ, ಬಸ್ಸಿನಲ್ಲಿ ಕಳಿಸುತ್ತೇನೆ. ನಿಮ್ಮ ಹ್ಯಾಂಡಲಿನ 31.8 ಮಿ.ಮೀ. ದಪ್ಪಕ್ಕೂ ಕೊಳವೆಯ 28.6 ಮಿ.ಮೀ. ದಪ್ಪಕ್ಕೂ ಅದು ಹೊಂದುತ್ತದೆ, ಹಳೆಯ 25.4 ಹ್ಯಾಂಡಲಿನ ಸ್ಟೆಮ್ ಆಗಿದ್ದರೆ ನಿಮಗೆ ಬರುತ್ತಿರಲಿಲ್ಲ. ಅದನ್ನು ಕೊಳವೆಗೆ ಕಚ್ಚಿಸುವ ಭಾಗ ನಿಮ್ಮ ಈಗಿನ ಸ್ಟೆಮ್ಮಿಗಿಂತ ಎತ್ತರವಾಗಿದ್ದರೆ ಕೆಳಗಿನ ಒಂದು ಉಂಗುರ ತೆಗೆಯಿರಿ. ಕೊಳವೆಯನ್ನು ಅದು ಪೂರ್ತಿ ಹಿಡಿದಿರಬೇಕು. ಫೋರ್ಕಿನ ಕೊಳವೆ ಕಾರ್ಬನ್ನಿನದಾಗಿದ್ದರೆ ತಯಾರಕರ ಅನುಮತಿ ನೋಡದೆ ಹಾಕಲೇಬೇಡಿ ಎನ್ನುತ್ತಿದ್ದೆ, ನಿಮ್ಮದು ಉಕ್ಕಿನದೇ ಇರಬೇಕು, ಒಂದು ಆಯಸ್ಕಾಂತ ತಾಗಿಸಿ ನೋಡಿ. 10, 20, 30 ಡಿಗ್ರಿಗಳಲ್ಲಿ ಒಂದೊಂದು ವಾರ, ಅದೇ ರಸ್ತೆ, ಅದೇ ದೂರ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸೀಟನ್ನು ಮುಟ್ಟಬೇಡಿ.

ಪ್ರಶ್ನೆ ಕೇಳಿದವರು: ಹಿರೇಕೊಳಲೆ ದಾರಿ

ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ. ಆಯಸ್ಕಾಂತ ಅಂಟಿತು, ಸ್ಟೆಮ್ ಹೊಂದಿತು. 10 ಡಿಗ್ರಿಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. 30 ಡಿಗ್ರಿಯಲ್ಲಿ ಕತ್ತಿಗೆ ಸ್ವರ್ಗ, ಆದರೆ ಕೈಮರದ ಮಿತ್ರರು ಹೇಳಿದ ಓಲಾಟ ನನಗೆ ಗಿರಿಯವರೆಗೆ ಹೋಗದೆಯೇ, ಹಿರೇಕೊಳಲೆಯ ಸಣ್ಣ ಏರಿನಲ್ಲಿಯೇ ತಿಳಿಯಿತು. ಜೊತೆಗೆ ಎದೆಗೆ ಗಾಳಿ ತಡೆದಂತೆ, ಸೀಟಿನ ಮೇಲೆ ಭಾರವೆಲ್ಲ ಕೂತಂತೆ ಅನಿಸಿ ಬೇಲೂರಿನಿಂದ ಹಿಂತಿರುಗುವಾಗ ಕುಂಡಿ ನೋಯಿತು. 20 ಡಿಗ್ರಿಯಲ್ಲಿ ಎರಡು ಭಾನುವಾರ ಹಳೇಬೀಡಿನವರೆಗೆ ಹೋಗಿ ಬಂದೆ; ಬೆರಳುಗಳಾಗಲಿ ಕತ್ತಾಗಲಿ ತಕರಾರು ಮಾಡಲಿಲ್ಲ.

ಮೇಲಿನ ವಿಧಾನದಲ್ಲಿಯೇ ಮಗಳ ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿದೆ. 20 ಡಿಗ್ರಿಯಲ್ಲಿ ಎತ್ತರ 63, ಮುಂಚಾಚು 78 ಮಿ.ಮೀ. 100 ಮಿ.ಮೀ. ಉದ್ದದ, 17 ಡಿಗ್ರಿಯ ಸಾಮಾನ್ಯ ಸ್ಟೆಮ್ ಕೊಂಡರೆ ಎತ್ತರ 59, ಮುಂಚಾಚು 81. ನಾಲ್ಕು ಮಿ.ಮೀ. ಕೆಳಗೆ, ಮೂರು ಮಿ.ಮೀ. ದೂರ. ಇಷ್ಟು ವ್ಯತ್ಯಾಸ ನನ್ನ ಕತ್ತಿಗೆ ತಿಳಿಯಲಾರದು ಎಂದುಕೊಂಡು ಅದನ್ನೇ ತರಿಸಿದೆ, ಮೊನ್ನೆ ಹಾಕಿಸಿದೆ. ಎಡಕ್ಕೆ ಪೂರ್ತಿ ತಿರುಗಿಸಿದಾಗ ಹಿಂದಿನ ಗೇರಿನ ಕೇಬಲ್ ಎಳೆಯುತ್ತಿದೆ. ಅದೊಂದನ್ನು ಹೊರಕವಚ ಸಮೇತ ಉದ್ದದ್ದಕ್ಕೆ ಬದಲಿಸಬೇಕು. ಸ್ಪ್ಯಾನರ್ ಅವರೇ, ನಿಮ್ಮ ಸ್ಟೆಮ್ಮನ್ನು ಒರೆಸಿ, ಬೋಲ್ಟುಗಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಇಟ್ಟಿದ್ದೇನೆ. ಮುಂದಿನ ವಾರ ಹಾಸನಕ್ಕೆ ಬರುವ ಕೆಲಸವಿದೆ, ಆಗ ತಂದುಕೊಡುತ್ತೇನೆ.